ಡಿಪಿಕೆಜಿ ಪಟ್ಟಿಯ ಎಡಗಡೆ ಅಕ್ಷರಗಳು: ಅರ್ಧಕ್ಕೆ ನಿಂತ ಅಪ್‌ಗ್ರೇಡ್ ಸರಿಮಾಡುವುದು ಹೇಗೆ

ಅಪ್‌ಗ್ರೇಡ್ ನಡೆಯುತ್ತಿರುವಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೇದು, ನಾಲ್ಕು ಸಲ ಕೂಗಿ ಅದೂ ಸುಮ್ಮನಾಯಿತು. ಕರೆಂಟ್ ಬಂದ ಮೇಲೆ ಉಬುಂಟು ಲಿನಕ್ಸ್ ಆನ್ ಆಗುತ್ತದೆ, ಬ್ರೌಸರ್ ತೆರೆಯುತ್ತದೆ, ಆದರೆ ಹೊಸದಾಗಿ ಏನೂ ಹಾಕಲು ಬಿಡುವುದಿಲ್ಲ. ಡಿಪಿಕೆಜಿ ನಡುವೆ ನಿಂತುಹೋಗಿದೆ, ನೀವೇ ಕಾನ್ಫಿಗರ್ ಮಾಡಿ ಅನ್ನುವ ಅರ್ಥದ ಒಂದು ಇಂಗ್ಲಿಷ್ ಸಾಲು ಬರುತ್ತದೆ, ಅಷ್ಟೆ. ಡಿಪಿಕೆಜಿ ಅಂದರೆ ಸಾಫ್ಟ್‌ವೇರ್ ಹಾಕುವ, ತೆಗೆಯುವ ಪ್ರೋಗ್ರಾಮ್; ಕಾನ್ಫಿಗರ್ ಅಂದರೆ ಹಾಕಿದ್ದನ್ನು ಓಡುವ ಹಾಗೆ ಹೊಂದಿಸುವುದು. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಆನ್‌ಲೈನ್ ಸೆಂಟರ್ ಇಟ್ಟುಕೊಂಡವರಿಂದ ಬೇಸಿಗೆ ಪೂರ್ತಿ ಇದೇ ಫೋನು. ಅಷ್ಟರಲ್ಲಿ ಪಕ್ಕದ ಅಂಗಡಿಯವರು ಸಲಹೆ ಕೊಟ್ಟಾಗಿರುತ್ತದೆ: ಫಾರ್ಮ್ಯಾಟ್ ಹೊಡೀರಿ.

ಫಾರ್ಮ್ಯಾಟ್ ಬೇಡ. ಯಾವ ಪ್ಯಾಕೇಜ್ (ಸಾಫ್ಟ್‌ವೇರಿನ ಒಂದೊಂದು ಕಟ್ಟು) ಯಾವ ಹಂತದಲ್ಲಿ ನಿಂತಿದೆ ಅಂತ ಸಿಸ್ಟಮ್ ಒಂದೊಂದಾಗಿ ಬರೆದಿಟ್ಟಿರುತ್ತದೆ. ಅದನ್ನು ಓದದೆ ಎಲ್ಲಿಂದಲೋ ಕಾಪಿ ಮಾಡಿದ ಆಜ್ಞೆಗಳನ್ನು ಸಾಲಾಗಿ ಹೊಡೆಯುವುದರಿಂದಲೇ ಜಾಸ್ತಿ ಕೆಡುತ್ತದೆ. ಡೆಬಿಯನ್, ಉಬುಂಟು, ಮಿಂಟ್, ನಮ್ಮ ಸಿ-ಡ್ಯಾಕ್‌ನವರ ಬಾಸ್ ಲಿನಕ್ಸ್, ಎಲ್ಲದರಲ್ಲೂ ಈ ಪಟ್ಟಿ ಒಂದೇ ಥರ ಇರುತ್ತದೆ. 1993ರಲ್ಲಿ ಶುರುವಾದ ಡೆಬಿಯನ್ನಿನ ವಂಶವೇ ಇವೆಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಆಜ್ಞೆಗಳನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್ಲಿನಲ್ಲಿ (ಆಜ್ಞೆ ಬರೆಯುವ ಕಿಟಕಿ) ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಎಲ್ಲವೂ ಸಣ್ಣವು. ಕ್ಯಾಪಿಟಲ್ ಬೇಕಾದ ಕಡೆ ಕ್ಯಾಪಿಟಲ್ ಅಂತಲೇ ಹೇಳಿದ್ದೇನೆ.

ಪಟ್ಟಿ ತೆಗೆಯುವುದು

ಡಿಪಿಕೆಜಿ -ಎಲ್

ಎಲ್ ಸಣ್ಣದೇ ಇರಲಿ. ಕ್ಯಾಪಿಟಲ್ ಎಲ್ ಕೊಟ್ಟರೆ ಒಂದು ಪ್ಯಾಕೇಜಿನೊಳಗೆ ಯಾವ ಯಾವ ಫೈಲುಗಳಿವೆ ಅನ್ನುವ ಬೇರೆಯದೇ ಪಟ್ಟಿ ಬರುತ್ತದೆ. ಪಟ್ಟಿ ತೆರೆದುಕೊಂಡು ಕರ್ಸರ್ ಅಲ್ಲೇ ನಿಂತರೆ ಗಾಬರಿ ಬೇಡ, ಕ್ಯೂ ಒತ್ತಿ ಹೊರಗೆ ಬನ್ನಿ. ಸಾವಿರಾರು ಸಾಲು ಇರುತ್ತವೆ, ಎಲ್ಲವನ್ನೂ ಓದುವ ಕೆಲಸ ಇಲ್ಲ. ಸರಿಯಾಗಿ ಕೂತಿರುವ ಪ್ಯಾಕೇಜಿನ ಎಡಕ್ಕೆ ಎರಡು ಸಣ್ಣ ಐ ಇರುತ್ತವೆ. ಅವನ್ನು ಬಿಟ್ಟು ಉಳಿದದ್ದಷ್ಟೇ ನೋಡಬೇಕು:

ಡಿಪಿಕೆಜಿ -ಎಲ್ | ಗ್ರೆಪ್ -ವಿ '^ಐಐ'

ತಲೆಬರಹದ ಕೆಲವು ಸಾಲು, ಅದರ ಕೆಳಗೆ ತೊಂದರೆ ಇರಬಹುದಾದ ಪ್ಯಾಕೇಜುಗಳು. ಬಹಳ ಸಲ ಒಂದೇ ಸ್ಕ್ರೀನಿನಲ್ಲಿ ಮುಗಿದುಹೋಗುತ್ತದೆ.

ಒಂದೇ ಬಗೆಯ ಹೆಸರುಗಳನ್ನು ನೋಡಬೇಕಾದರೆ ನಕ್ಷತ್ರ ಬಳಸಬಹುದು, ಡಿಪಿಕೆಜಿ -ಎಲ್ 'ಕಪ್ಸ್*' ಅಂತ. ಕಪ್ಸ್ ಅಂದರೆ ಪ್ರಿಂಟ್ ಮಾಡಿಸುವ ಸಾಫ್ಟ್‌ವೇರ್. ಆ ಉದ್ಧರಣ ಚಿಹ್ನೆ ಬಿಡಬೇಡಿ. ಬಿಟ್ಟರೆ, ನೀವು ನಿಂತಿರುವ ಫೋಲ್ಡರಿನಲ್ಲಿ ಕಪ್ಸ್ ಅಂತ ಶುರುವಾಗುವ ಫೈಲು ಇದ್ದಾಗ ಶೆಲ್ (ನಿಮ್ಮ ಆಜ್ಞೆ ಓದುವ ಪ್ರೋಗ್ರಾಮ್) ಆ ಫೈಲಿನ ಹೆಸರನ್ನೇ ಡಿಪಿಕೆಜಿಗೆ ಕೊಟ್ಟುಬಿಡುತ್ತದೆ, ಅದು ಅಂಥ ಪ್ಯಾಕೇಜೇ ಇಲ್ಲ ಅನ್ನುತ್ತದೆ. ಹೀಗೆ ನಕ್ಷತ್ರ ಹಾಕಿ ಕೇಳಿದಾಗ ಯು-ಎನ್ ಅನ್ನುವ ಸಾಲುಗಳೂ ಬರುತ್ತವೆ. ಅಂದರೆ ಹೆಸರು ಗೊತ್ತು, ಆದರೆ ಪ್ಯಾಕೇಜ್ ಇಲ್ಲಿ ಇಲ್ಲ. ಅದು ದೋಷ ಅಲ್ಲವೇ ಅಲ್ಲ. ಕನ್ನಡ ಫಾಂಟಿನ ಫಾಂಟ್ಸ್-ಗುಬ್ಬಿ ಮುಂದೆ ಐ-ಐ ಇದ್ದು ಫಾಂಟ್ಸ್-ನವಿಲು ಮುಂದೆ ಯು-ಎನ್ ಇದ್ದರೆ ಗುಬ್ಬಿ ಇದೆ, ನವಿಲು ಹಾಕಿಲ್ಲ, ಅಷ್ಟೇ ವಿಷಯ.

ಮೂರು ಕಂಬ

ತಲೆಬರಹವನ್ನು ಎಲ್ಲರೂ ಹಾರಿಸಿ ಕೆಳಗೆ ಹೋಗುತ್ತಾರೆ, ಉತ್ತರ ಇರುವುದೇ ಅಲ್ಲಿ. ಅಲ್ಲಿ ಕಾಣುವ ಉದ್ದ ಗೀಟುಗಳು ಅಲಂಕಾರಕ್ಕಲ್ಲ. ಯಾವ ವಿವರಣೆ ಯಾವ ಅಕ್ಷರಕ್ಕೆ ಅಂತ ತೋರಿಸಲು ಎಳೆದ ಗೆರೆಗಳು.

ಮೊದಲ ಅಕ್ಷರ, ನೀವು ಏನು ಬೇಕು ಅಂತ ಕೇಳಿದ್ದೀರಿ ಅನ್ನುವುದು. ಐ ಅಂದರೆ ಹಾಕು. ಆರ್ ಅಂದರೆ ತೆಗಿ. ಪಿ ಅಂದರೆ ಸೆಟ್ಟಿಂಗ್ ಸಮೇತ ತೆಗಿ (ಪರ್ಜ್). ಎಚ್ ಅಂದರೆ ಈಗಿರುವಲ್ಲೇ ಹಿಡಿದಿಡು. ಯು ಅಂದರೆ ಯಾರೂ ಏನೂ ಕೇಳಿಲ್ಲ.

ಎರಡನೆಯದು, ಈಗ ನಿಜವಾಗಿ ಏನಾಗಿದೆ ಅನ್ನುವುದು. ಎನ್ ಅಂದರೆ ಇಲ್ಲ. ಸಿ ಅಂದರೆ ಸೆಟ್ಟಿಂಗ್ ಫೈಲು ಮಾತ್ರ ಉಳಿದಿದೆ. ಐ ಅಂದರೆ ಪೂರ್ತಿ ಕೂತಿದೆ. ಕ್ಯಾಪಿಟಲ್ ಯು ಅಂದರೆ ಫೈಲುಗಳನ್ನು ಬಿಚ್ಚಿಟ್ಟಾಗಿದೆ, ಕಾನ್ಫಿಗರ್ ಆಗಿಲ್ಲ. ಕ್ಯಾಪಿಟಲ್ ಎಫ್ ಅಂದರೆ ಕಾನ್ಫಿಗರ್ ಮಾಡಲು ಹೋಗಿ ಅರ್ಧಕ್ಕೆ ನಿಂತಿದೆ. ಕ್ಯಾಪಿಟಲ್ ಎಚ್ ಅಂದರೆ ಫೈಲು ಹಾಕುವುದೇ ಅರ್ಧಕ್ಕೆ ನಿಂತಿದೆ. ಕ್ಯಾಪಿಟಲ್ ಡಬ್ಲ್ಯೂ ಮತ್ತು ಸಣ್ಣ ಟಿ ಟ್ರಿಗರಿಗೆ, ಅಂದರೆ ಕೊನೆಗೆ ಮಾಡಲು ಬಾಕಿ ಇಟ್ಟ ಕೆಲಸಕ್ಕೆ, ಸೇರಿದವು. ಬೇರೆ ಪ್ಯಾಕೇಜ್ ಒಂದು ಕೆಲಸ ಮುಗಿಸಬೇಕು ಅಂತ ಕಾಯುತ್ತಿರುವುದು ಡಬ್ಲ್ಯೂ, ತನ್ನದೇ ಕೆಲಸ ಬಾಕಿ ಇರುವುದು ಟಿ.

ಮೂರನೆಯ ಜಾಗ ಸಾಮಾನ್ಯವಾಗಿ ಖಾಲಿ. ಅಲ್ಲಿ ಕ್ಯಾಪಿಟಲ್ ಆರ್ ಬಂದಿದ್ದರೆ ಪ್ಯಾಕೇಜನ್ನು ಮತ್ತೆ ಹಾಕಲೇಬೇಕು. ಎರಡನೇ, ಮೂರನೇ ಜಾಗದಲ್ಲಿ ಕ್ಯಾಪಿಟಲ್ ಅಕ್ಷರ ಕಂಡರೆ ಕೆಟ್ಟದ್ದು ಅಂತ ತಲೆಬರಹದ ಮೂರನೇ ಸಾಲಿನಲ್ಲೇ ಬರೆದಿರುತ್ತದೆ.

ಹಾಗಾಗಿ ಕೇಳಿದ್ದಕ್ಕೂ ಆಗಿದ್ದಕ್ಕೂ ಎಲ್ಲಿ ಹೊಂದಿಕೆ ಇಲ್ಲವೋ ಅಲ್ಲೇ ಕೈ ಹಾಕಬೇಕು. ಆರ್-ಐ ಅಂತ ಕಂಡರೆ ತೆಗಿ ಅಂದಿದ್ದೀರಿ, ಇನ್ನೂ ಕೂತಿದೆ, ಅಂದರೆ ತೆಗೆಯುವಾಗ ಏನೋ ಅಡ್ಡ ಬಂದಿದೆ. ಪಿ-ಸಿ ಕಂಡರೆ ಪ್ಯಾಕೇಜ್ ಹೋಗಿದೆ, ಸೆಟ್ಟಿಂಗ್ ಅಳಿಸುವ ಕೊನೇ ಹಂತದಲ್ಲಿ ಸಿಕ್ಕಿಕೊಂಡಿದೆ.

ಇದೆಲ್ಲ ಎಲ್ಲಿಂದ ಬರುತ್ತದೆ ಅಂದರೆ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ ಅನ್ನುವ ಒಂದು ಸಾದಾ ಟೆಕ್ಸ್ಟ್ ಫೈಲಿನಿಂದ. ಲೆಸ್ ಹಾಕಿ ತೆರೆದು ನೋಡಿ, ಓದುವುದರಿಂದ ಏನೂ ಕೆಡುವುದಿಲ್ಲ. ಪ್ರತಿ ಪ್ಯಾಕೇಜಿಗೂ ಒಂದು ಸಾಲು: ಸ್ಟೇಟಸ್: ಇನ್‌ಸ್ಟಾಲ್ ಓಕೆ ಹಾಫ್-ಕಾನ್ಫಿಗರ್ಡ್. ಮೊದಲ ಪದ ಬೇಕಾದದ್ದು, ಕೊನೇ ಪದ ಆಗಿದ್ದು. ನಡುವಿನ ಓಕೆ ಅನ್ನುವುದೇ ಪಟ್ಟಿಯ ಮೂರನೇ ಜಾಗ, ಫೈಲಿನಲ್ಲಿ ನಡುವೆ ಬರುತ್ತದೆ. ಈ ಓಕೆ ನೋಡಿ ಎಲ್ಲಾ ಸರಿ ಇದೆ ಅಂದುಕೊಳ್ಳಬೇಡಿ. ಮತ್ತೆ ಹಾಕುವ ಅಗತ್ಯ ಇಲ್ಲ ಅಂತಷ್ಟೇ ಅದರ ಅರ್ಥ.

ಎಫ್ ಯಾವುದು, ಯು ಯಾವುದು

ಕರೆಂಟ್ ಹೋದ ಕೇಸುಗಳಲ್ಲಿ ಜಾಸ್ತಿ ಕಾಣುವುದು ಇವೆರಡೇ. ಅಪ್‌ಗ್ರೇಡ್ ಮಾಡುವಾಗ ಡಿಪಿಕೆಜಿ ಮೊದಲು ಒಂದಷ್ಟು ಪ್ಯಾಕೇಜುಗಳ ಫೈಲುಗಳನ್ನು ಬಿಚ್ಚಿಡುತ್ತದೆ, ಆಮೇಲೆ ಒಂದೊಂದಾಗಿ ಕಾನ್ಫಿಗರ್ ಮಾಡುತ್ತದೆ. ಬಿಚ್ಚುವಾಗ ನಿಂತರೆ ಎಚ್, ಬಿಚ್ಚಿಟ್ಟು ಸರದಿ ಬರುವ ಮೊದಲು ನಿಂತರೆ ಯು, ಕಾನ್ಫಿಗರ್ ಮಾಡುವ ಸ್ಕ್ರಿಪ್ಟ್ ಓಡುತ್ತಿರುವಾಗ ನಿಂತರೆ ಎಫ್. /ವಾರ್/ಲಾಗ್/ಡಿಪಿಕೆಜಿ.ಲಾಗ್ ತೆರೆದರೆ ಯಾವ ಪ್ಯಾಕೇಜ್ ಎಷ್ಟು ಗಂಟೆಗೆ ಯಾವ ಹಂತಕ್ಕೆ ಬಂತು ಅಂತ ಸೆಕೆಂಡ್ ಲೆಕ್ಕದಲ್ಲಿ ಇರುತ್ತದೆ. ಕರೆಂಟ್ ಹೋದ ಹೊತ್ತಿಗೆ ಕೊನೇ ಸಾಲು ಯಾವುದು ಅಂತ ನೋಡಿದರೆ ಸಿಕ್ಕಿಬೀಳುತ್ತದೆ.

ಬರೀ ಕರೆಂಟಿನ ಕಾರಣಕ್ಕೆ ನಿಂತಿದ್ದರೆ ಇಷ್ಟು ಸಾಕು (ಸುಡೋ ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು, ಆಪ್ಟ್ ಅಂದರೆ ಪ್ಯಾಕೇಜ್ ತರಿಸಿ ಡಿಪಿಕೆಜಿ ಕೈಗೆ ಕೊಡುವ ಪ್ರೋಗ್ರಾಮ್):

ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಮೊದಲನೆಯದು ಯು, ಎಫ್, ಡಬ್ಲ್ಯೂ, ಟಿ ಎಲ್ಲವನ್ನೂ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಎರಡನೆಯದು ಜೊತೆಗೆ ಬೇಕಾದ ಪ್ಯಾಕೇಜ್ ಏನಾದರೂ ಬರದೆ ಉಳಿದಿದ್ದರೆ ತರಿಸುತ್ತದೆ. ಕೊನೆಯಲ್ಲಿ ಏನನ್ನೋ ತೆಗೆಯುತ್ತೇನೆ ಅಂತ ಕೇಳಿದರೆ ಆ ಹೆಸರುಗಳನ್ನು ಓದದೆ ವೈ ಒತ್ತಬೇಡಿ.

ಇದನ್ನು ಹೊಡೆದ ಮೇಲೂ ಅದೇ ಹೆಸರುಗಳು ಮತ್ತೆ ಎರರ್ ಕೊಟ್ಟರೆ ಕಾರಣ ಬೇರೆ ಇದೆ. ಆಗ ಅದೇ ಆಜ್ಞೆಯನ್ನು ಮತ್ತೆ ಮತ್ತೆ ಹೊಡೆಯುವುದು ದಂಡ. ಗಂಗಾವತಿಯ ಒಂದು ರೈಸ್ ಮಿಲ್ ಆಫೀಸಿನ ಕಂಪ್ಯೂಟರಿನಲ್ಲಿ ಪಟ್ಟಿ ಹೀಗಿತ್ತು. ಮೊದಲ ಅಕ್ಷರ ಎಲ್ಲ ಕಡೆ ಸಣ್ಣ ಐ, ಎರಡನೆಯದು ಎಲ್ಲ ಕಡೆ ಕ್ಯಾಪಿಟಲ್, ವರ್ಷನ್ ನಂಬರು ಬಿಟ್ಟು ಬರೆದಿದ್ದೇನೆ:

ಐ-ಎಫ್   ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್
ಐ-ಎಫ್   ಲಿನಕ್ಸ್-ಇಮೇಜ್
ಐ-ಯು   ಲಿನಕ್ಸ್-ಇಮೇಜ್-ಜೆನೆರಿಕ್
ಐ-ಯು   ಲಿನಕ್ಸ್-ಜೆನೆರಿಕ್

ಇಲ್ಲಿ ಯು ಇರುವ ಎರಡನ್ನು ಮುಟ್ಟುವುದೇ ಬೇಡ. ಅವು ಸರದಿಯಲ್ಲಿ ಹಿಂದೆ ನಿಂತಿವೆ, ಮುಂದಿನದು ಸರಿಯಾಗದೆ ಇವು ಸರಿಯಾಗುವುದಿಲ್ಲ. ಎಫ್ ಇರುವುದನ್ನೇ ಹಿಡಿಯಿರಿ. ಎರರ್ ಸಂದೇಶದ ಕೊನೆಯಲ್ಲಿ ಬರುವ ಹೆಸರಿನ ಪಟ್ಟಿ ಇದನ್ನು ಬೇರೆ ಮಾಡಿ ತೋರಿಸುವುದಿಲ್ಲ, ನಾಲ್ಕೂ ಹೆಸರು ಒಟ್ಟಿಗೆ ಬರುತ್ತವೆ, ಜನ ನಾಲ್ಕನ್ನೂ ತೆಗೆಯಲು ಹೊರಡುತ್ತಾರೆ. ಎಫ್-ಯು ನೋಡಿದವರಿಗೆ ಆ ಗೊಂದಲ ಇರುವುದಿಲ್ಲ.

ಎಫ್ ಇರುವ ಈ ಎರಡು ಪ್ಯಾಕೇಜಿಗೂ ಸಾಮಾನ್ಯ ಕೆಲಸ ಒಂದೇ, ಕರ್ನಲ್ (ಸಿಸ್ಟಮಿನ ತಿರುಳು) ಜೊತೆಗೆ ಬೂಟ್ ಆಗಲು ಬೇಕಾದ ದೊಡ್ಡ ಫೈಲೊಂದನ್ನು /ಬೂಟ್ ಒಳಗೆ ಬರೆಯುವುದು. ಹಾಗಾದರೆ ಅಲ್ಲಿ ಜಾಗ ಇದೆಯಾ?

ಡಿಎಫ್ -ಎಚ್ /ಬೂಟ್

ನೂರಕ್ಕೆ ನೂರು ತುಂಬಿತ್ತು. ಡಿಸ್ಕನ್ನು ಪಾಸ್‌ವರ್ಡ್ ಕೊಟ್ಟು ಲಾಕ್ (ಎನ್‌ಕ್ರಿಪ್ಟ್) ಮಾಡಿ ಹಾಕಿದ ಸಿಸ್ಟಮ್‌ಗಳಲ್ಲಿ /ಬೂಟ್ ಬೇರೆ ಪಾರ್ಟಿಶನ್ ಆಗಿರುತ್ತದೆ, ಚಿಕ್ಕದಾಗಿರುತ್ತದೆ, ಹಳೇ ಕರ್ನಲ್ಲುಗಳು ಅಲ್ಲೇ ರಾಶಿ ಬಿದ್ದಿರುತ್ತವೆ. ನಿಮ್ಮಲ್ಲಿ ಬೇರೆ ಪಾರ್ಟಿಶನ್ ಇಲ್ಲದಿದ್ದರೆ ಇದೇ ಆಜ್ಞೆ ಇಡೀ ರೂಟ್ ಡಿಸ್ಕಿನ ಲೆಕ್ಕ ತೋರಿಸುತ್ತದೆ, ಅದು ತುಂಬಿದ್ದರೂ ಎಫ್ ಬರಬಹುದು. ಮೊದಲು ಯುನೇಮ್ -ಆರ್ ಹೊಡೆದು ಈಗ ಓಡುತ್ತಿರುವ ಕರ್ನಲ್ ಯಾವುದು ಅಂತ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅದನ್ನು ತೆಗೆಯಬಾರದು. ಆಮೇಲೆ ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್. ಬಹಳ ಸಲ ಇದರಲ್ಲೇ ಜಾಗ ಬಿಡುತ್ತದೆ. ಆಪ್ಟ್ ಹಟ ಹಿಡಿದು ಮೊದಲು ಮುರಿದದ್ದನ್ನು ಸರಿಮಾಡು ಅಂದರೆ, ಡಿಪಿಕೆಜಿ -ಎಲ್ 'ಲಿನಕ್ಸ್-*' ನೋಡಿ ಐ-ಐ ಇರುವ ಹಳೇ ನಂಬರಿನ ಒಂದು ಕರ್ನಲ್ ಆರಿಸಿ, ಅದೇ ನಂಬರಿನ ಇಮೇಜ್, ಮಾಡ್ಯೂಲ್ಸ್, ಮಾಡ್ಯೂಲ್ಸ್-ಎಕ್ಸ್‌ಟ್ರಾ ಮೂರರ ಹೆಸರನ್ನೂ ಒಂದೇ ಸಾಲಿನಲ್ಲಿ ಸುಡೋ ಡಿಪಿಕೆಜಿ --ಪರ್ಜ್ ಮುಂದೆ ಕೊಡಿ. ಒಂದನ್ನೇ ಕೊಟ್ಟರೆ ಇನ್ನೊಂದು ಇದರ ಮೇಲೆ ನಿಂತಿದೆ ಅಂತ ಬಿಡುವುದಿಲ್ಲ. ಜಾಗ ಆದ ಮೇಲೆ ಕಾನ್ಫಿಗರ್ -ಎ ಹೊಡೆದರೆ ಎಫ್ ಎರಡೂ ಐ ಆಗುತ್ತವೆ, ಹಿಂದೆಯೇ ಯು ಎರಡೂ ಐ ಆಗುತ್ತವೆ. /ಬೂಟ್ ಒಳಗೆ ಹೋಗಿ ಫೈಲುಗಳನ್ನು ಆರ್‌ಎಮ್ ಹಾಕಿ ಅಳಿಸಿ ಅನ್ನುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ಅಳಿಸಿದ್ದು ಡಿಪಿಕೆಜಿಗೆ ಗೊತ್ತಾಗುವುದಿಲ್ಲ, ಪಟ್ಟಿಯಲ್ಲಿ ಐ-ಐ ಹಾಗೇ ಇರುತ್ತದೆ, ಮುಂದೆ ಬೂಟ್ ಮೆನುವಿನಲ್ಲಿ ಅದೇ ಕರ್ನಲ್ ಆರಿಸಿದ ದಿನ ಮತ್ತೆ ಫೋನು.

ಹೊರಗಿನ ಡ್ರೈವರ್ ತಂದಿಟ್ಟ ಎಫ್

ಇನ್ನೊಂದು ಬಗೆಯ ಎಫ್, ಸಿಡಿಯಲ್ಲೋ ಕಂಪನಿ ಸೈಟಿನಲ್ಲೋ ಸಿಕ್ಕ ಡೆಬ್ ಫೈಲಿನಿಂದ (ಪ್ಯಾಕೇಜ್ ಇರುವ ಫೈಲು) ಬರುವುದು. ಪ್ರಿಂಟರ್ ಡ್ರೈವರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ಇಂಥವು. ಒಂದು ಸಲ ಎಫ್ ಆಗಿ ಕೂತರೆ ಆಮೇಲೆ ನೀವು ಏನೇ ಹಾಕಲು ಹೋದರೂ ಆಪ್ಟ್ ಇದನ್ನೂ ಕಾನ್ಫಿಗರ್ ಮಾಡಲು ನೋಡುತ್ತದೆ, ಸೋಲುತ್ತದೆ, ಕೆಂಪು ಸಾಲು ಬರುತ್ತದೆ. ಹೊಸದಾಗಿ ಹಾಕಿದ್ದು ಸರಿಯಾಗೇ ಕೂತಿರುತ್ತದೆ, ಜನ ಮಾತ್ರ ಅದೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಎರರಿನಲ್ಲಿ ಪೋಸ್ಟ್-ಇನ್‌ಸ್ಟಾಲೇಶನ್ ಸ್ಕ್ರಿಪ್ಟ್ ಇಂತಿಷ್ಟು ನಂಬರಿನೊಂದಿಗೆ ಹೊರಬಂತು ಅಂತ ಇರುತ್ತದೆ. ಆ ಸ್ಕ್ರಿಪ್ಟ್ ಇರುವುದು /ವಾರ್/ಲಿಬ್/ಡಿಪಿಕೆಜಿ/ಇನ್ಫೋ ಒಳಗೆ, ಪ್ಯಾಕೇಜಿನ ಹೆಸರು, ಚುಕ್ಕಿ, ಪೋಸ್ಟ್‌ಇನ್‌ಸ್ಟ್. ನಂಬರು 127 ಆದರೆ ಸ್ಕ್ರಿಪ್ಟ್ ಕರೆದ ಯಾವುದೋ ಪ್ರೋಗ್ರಾಮ್ ನಿಮ್ಮ ಸಿಸ್ಟಮ್‌ನಲ್ಲಿ ಇಲ್ಲ ಅಂತ ತಿಳಿಯಿರಿ. 126 ಆದರೆ ಇದೆ, ಓಡಿಸಲು ಆಗುತ್ತಿಲ್ಲ. ಬರೀ 1 ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಆಗ ಸ್ಕ್ರಿಪ್ಟಿನ ಎರಡನೇ ಸಾಲಿನಲ್ಲಿ ಸೆಟ್ -ಎಕ್ಸ್ ಅಂತ ಸೇರಿಸಿ ಕಾನ್ಫಿಗರ್ -ಎ ಹೊಡೆಯಿರಿ, ಪ್ರತಿ ಸಾಲೂ ಓಡುವಾಗ ಸ್ಕ್ರೀನಿನ ಮೇಲೆ ಬರುತ್ತದೆ, ಎಲ್ಲಿ ನಿಂತಿತೋ ಅದೇ ಜಾಗ. ಹಳೇ ಡ್ರೈವರುಗಳಲ್ಲಿ ಹೆಚ್ಚಾಗಿ ಕಾಣುವುದು, ಈಗಿನ ಉಬುಂಟುವಿನಲ್ಲಿ ಇಲ್ಲದ ಸರ್ವಿಸ್ ಹೆಸರನ್ನು ಕರೆದು ರೀಸ್ಟಾರ್ಟ್ ಮಾಡಲು ಹೋಗುವುದು.

ಸ್ಕ್ರಿಪ್ಟಿನಲ್ಲಿ ಎಕ್ಸಿಟ್ 0 ಬರೆದು ಡಿಪಿಕೆಜಿಗೆ ಸುಳ್ಳು ಹೇಳುವ ಉಪಾಯ ಬಹಳ ಜನಕ್ಕೆ ಗೊತ್ತು. ಪಟ್ಟಿಯಲ್ಲಿ ಐ-ಐ ಬರುತ್ತದೆ ನಿಜ, ಪ್ರಿಂಟ್ ಬರುವುದಿಲ್ಲ! ನನ್ನ ಪ್ರಕಾರ ಆ ಉಪಾಯ ಒಂದೇ ಕಡೆ ಸರಿ: ತೆಗೆಯಬೇಕು ಅಂತ ನಿರ್ಧಾರ ಆಗಿ, ತೆಗೆಯುವ ಪ್ರೀಆರ್‌ಎಮ್ ಸ್ಕ್ರಿಪ್ಟೇ ಸೋತು, ಪಟ್ಟಿಯಲ್ಲಿ ಆರ್ ಜೊತೆ ಐ ಅಥವಾ ಎಫ್ ಅಂತ ಅಂಟಿಕೊಂಡಿದ್ದಾಗ. ಉಳಿದ ಕಡೆ ಬೇಡ.

ಎಚ್ ಮತ್ತು ಆರ್

ಎರಡನೇ ಜಾಗದಲ್ಲಿ ಕ್ಯಾಪಿಟಲ್ ಎಚ್, ಮೂರನೆಯದರಲ್ಲಿ ಆರ್ ಕಂಡರೆ ಕಾನ್ಫಿಗರ್ -ಎ ಉಪಯೋಗ ಇಲ್ಲ. ಕಾನ್ಫಿಗರ್ ಮಾಡಲು ಫೈಲುಗಳೇ ಪೂರ್ತಿ ಇಲ್ಲವಲ್ಲ. ಸುಡೋ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್, ಮುಂದೆ ಪ್ಯಾಕೇಜಿನ ಹೆಸರು. ಡೌನ್‌ಲೋಡ್ ಆದ ಡೆಬ್ ಫೈಲೇ ತುಂಡಾಗಿದ್ದರೆ ಸುಡೋ ಆಪ್ಟ್ ಕ್ಲೀನ್ ಹೊಡೆದು ಮತ್ತೆ ತರಿಸಿ. ಹೊರಗಿನ ಡೆಬ್ ಆಗಿದ್ದು ಆ ಫೈಲ್ ಈಗ ಎಲ್ಲೂ ಸಿಗದಿದ್ದರೆ ಮಾತ್ರ ಸುಡೋ ಡಿಪಿಕೆಜಿ --ರಿಮೂವ್ --ಫೋರ್ಸ್-ರಿಮೂವ್-ರೀಇನ್‌ಸ್ಟ್‌ರೆಕ್ (ಕೊನೇ ಅಕ್ಷರ ಕ್ಯೂ), ಮುಂದೆ ಪ್ಯಾಕೇಜಿನ ಹೆಸರು, ಬಳಸಿ. ಫೋರ್ಸ್-ಆಲ್ ಅನ್ನುವುದನ್ನು ಯಾರಾದರೂ ಹೇಳಿದರೆ ಕೇಳಬೇಡಿ.

ಕರೆಂಟ್ ಹೋದಾಗ ಕೆಲವೊಮ್ಮೆ ಆ ಸ್ಟೇಟಸ್ ಫೈಲೇ ಕೆಡುತ್ತದೆ. ಆಗ ಪಟ್ಟಿಯೇ ಬರುವುದಿಲ್ಲ, ಇಂಥ ಸಾಲಿನ ಹತ್ತಿರ ಓದಲು ಆಗುತ್ತಿಲ್ಲ ಅಂತ ಬರುತ್ತದೆ. ಅದೇ ಫೋಲ್ಡರಿನಲ್ಲಿ ಸ್ಟೇಟಸ್-ಓಲ್ಡ್ ಅನ್ನುವ ಹಿಂದಿನ ಪ್ರತಿ ಇರುತ್ತದೆ, /ವಾರ್/ಬ್ಯಾಕಪ್ಸ್ ಒಳಗೆ ಡಿಪಿಕೆಜಿ.ಸ್ಟೇಟಸ್.0 ಅಂತ ಇನ್ನೊಂದು. ಕೆಟ್ಟ ಫೈಲನ್ನು ಅಳಿಸದೆ ಬೇರೆ ಹೆಸರಿಗೆ ಎತ್ತಿಟ್ಟು, ಹಳೇ ಪ್ರತಿಯನ್ನು ಅದರ ಜಾಗಕ್ಕೆ ಕಾಪಿ ಮಾಡಿ. ಆಮೇಲೆ ಸುಡೋ ಆಪ್ಟ್ ಅಪ್‌ಡೇಟ್, ಅಪ್‌ಗ್ರೇಡ್. ಪ್ಯಾಕೇಜಿನ ಫೈಲುಗಳ ಪಟ್ಟಿ ಕಾಣೆಯಾಗಿದೆ ಅನ್ನುವ ಎಚ್ಚರಿಕೆ ಬಂದರೆ ಆ ಹೆಸರಿನ ಪ್ಯಾಕೇಜನ್ನು ರೀಇನ್‌ಸ್ಟಾಲ್ ಮಾಡಿದರೆ ಆಯಿತು. ಇಷ್ಟಾದ ಮೇಲೂ ಬೇರೆ ಬೇರೆ ಪ್ಯಾಕೇಜ್ ಎಚ್ ಆಗುತ್ತಾ ಹೋದರೆ ಡಿಪಿಕೆಜಿಯನ್ನು ಬಿಟ್ಟು ಹಾರ್ಡ್ ಡಿಸ್ಕ್ ಕಡೆ ನೋಡಿ. ಸುಡೋ ಡಿಮೆಸ್ಗ್ ಹೊಡೆದಾಗ ಐ/ಒ ಎರರ್ ಸಾಲುಗಳು ಕಂಡರೆ ಮೊದಲು ಡೇಟಾ ಕಾಪಿ ಮಾಡಿಕೊಳ್ಳಿ.

ಆರ್-ಸಿ, ಎಚ್-ಐ: ಕಂಡರೆ ಹೆದರಬೇಡಿ

ಸಣ್ಣ ಆರ್, ಸಣ್ಣ ಸಿ. ಪ್ಯಾಕೇಜ್ ತೆಗೆದಿದೆ, ಸೆಟ್ಟಿಂಗ್ ಫೈಲು ಉಳಿದಿದೆ. ಹಳೇ ಕರ್ನಲ್ಲುಗಳ ಆರ್-ಸಿ ಸಾಲುಗಳು ಉದ್ದಕ್ಕೆ ಇರುತ್ತವೆ, ಏನೂ ತೊಂದರೆ ಇಲ್ಲ. ಆದರೆ ಬೇಕಾದ ಪ್ಯಾಕೇಜೇ ಆರ್-ಸಿ ಆಗಿದ್ದರೆ ಮೋಸ ಹೋಗುತ್ತೀರಿ. ಮಸ್ಕಿ ಕಡೆಯ ಒಬ್ಬ ಹುಡುಗ ಫೋನ್ ಮಾಡಿ, "ಅಣ್ಣಾ, ಪ್ರಿಂಟರ್ ಲೈಟ್ ಹತ್ತೈತಿ, ಕಪ್ಸ್ ಫೋಲ್ಡರೂ ಐತಿ, ಪಹಣಿ ಒಂದೂ ಬರವಲ್ದು, ಮಂದಿ ನಿಂತಾರ" ಅಂದ. /ಇಟಿಸಿ/ಕಪ್ಸ್ ಫೋಲ್ಡರ್ ಇದೆ, ಹಾಗಾಗಿ ಕಪ್ಸ್ ಇದೆ ಅಂತ ಅವನ ಲೆಕ್ಕ. ಪಟ್ಟಿ ಓದಿಸಿದರೆ ಕಪ್ಸ್-ಡೀಮನ್ ಮುಂದೆ ಆರ್-ಸಿ. ಜಾಗ ಮಾಡಲು ಯಾರೋ ಏನನ್ನೋ ತೆಗೆದಾಗ ಇದೂ ಜೊತೆಗೆ ಹೋಗಿತ್ತು. ಸುಡೋ ಆಪ್ಟ್ ಇನ್‌ಸ್ಟಾಲ್ ಕಪ್ಸ್ ಅಂದ, ಸೆಟ್ಟಿಂಗ್ ಅಲ್ಲೇ ಇದ್ದದ್ದರಿಂದ ಹಳೇ ಪ್ರಿಂಟರ್ ಹೆಸರೂ ವಾಪಸ್ ಬಂತು. ಯಾರಾದರೂ ಅದಕ್ಕೂ ಮೊದಲೇ ಪರ್ಜ್ ಹೊಡೆದಿದ್ದರೆ ಪ್ರಿಂಟರನ್ನು ಮೊದಲಿನಿಂದ ಸೇರಿಸಬೇಕಾಗುತ್ತಿತ್ತು. ಆರ್-ಸಿ ಎಲ್ಲವನ್ನೂ ಒಟ್ಟಿಗೆ ಗುಡಿಸಿಹಾಕುವ ಆಜ್ಞೆಗಳನ್ನು ಕಂಡರೆ ನನಗೆ ಆಗುವುದಿಲ್ಲ, ಇದೇ ಕಾರಣಕ್ಕೆ.

ಎಚ್-ಐ, ಎಚ್ ಮೊದಲ ಜಾಗದಲ್ಲಿ, ಸಣ್ಣದು. ಎರಡನೇ ಜಾಗದ ಕ್ಯಾಪಿಟಲ್ ಎಚ್‌ಗೂ ಇದಕ್ಕೂ ಸಂಬಂಧ ಇಲ್ಲ. ಅಪ್‌ಗ್ರೇಡ್ ಆಗಬಾರದು ಅಂತ ಯಾರೋ ಬೇಕಂತಲೇ ಹಿಡಿದಿಟ್ಟಿದ್ದಾರೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಮಾರಿಯಾಡಿಬಿ ಅನ್ನುವ ಡೇಟಾಬೇಸ್ ಸರ್ವರ್ ಹೀಗಿತ್ತು. ಸಾಫ್ಟ್‌ವೇರ್ ಹಾಕಿಕೊಟ್ಟವರು ಹಿಡಿದಿಟ್ಟು ಹೋಗಿದ್ದರು, ಹೇಳಿರಲಿಲ್ಲ. ಆಪ್ಟ್-ಮಾರ್ಕ್ ಶೋಹೋಲ್ಡ್ ಹೊಡೆದರೆ ಇಂಥವೆಲ್ಲ ಒಟ್ಟಿಗೆ ಸಿಗುತ್ತವೆ, ಅನ್‌ಹೋಲ್ಡ್ ಅಂದರೆ ಬಿಡುತ್ತವೆ, ಆದರೆ ಹಿಡಿದಿಟ್ಟವರನ್ನು ಕೇಳದೆ ಬಿಡಬೇಡಿ. ಎಚ್ ಇಲ್ಲದೆಯೂ ಆಪ್ಟ್ ಕೆಲವನ್ನು ತಡೆಹಿಡಿದಿದ್ದೇನೆ ಅಂತ ಹೇಳುವುದುಂಟು. ಉಬುಂಟು ಅಪ್‌ಡೇಟುಗಳನ್ನು ಎಲ್ಲರಿಗೂ ಒಂದೇ ದಿನ ಬಿಡದೆ ಹಂತ ಹಂತವಾಗಿ ಬಿಡುತ್ತದೆ, ಹೆಚ್ಚಾಗಿ ಅದೇ ಕಾರಣ. ಕೆಲವು ದಿನ ಬಿಟ್ಟರೆ ತಾನೇ ಬರುತ್ತದೆ.

ಲಾಕ್ (ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ಪ್ಯಾಕೇಜ್ ಹಾಕಲಿ ಅನ್ನುವ ಬೀಗ) ಸಿಗುತ್ತಿಲ್ಲ ಅನ್ನುವ ಎರರ್ ಇದ್ಯಾವುದೂ ಅಲ್ಲ. ಬೂಟ್ ಆದ ಮೇಲೆ ಹಿಂದೆ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ (ತಾನಾಗೇ ಅಪ್‌ಡೇಟ್ ಹಾಕುವ ಪ್ರೋಗ್ರಾಮ್) ಓಡುತ್ತಿರುತ್ತದೆ, ಮುಗಿಯುವ ತನಕ ಕಾಯಿರಿ. ಲಾಕ್ ಫೈಲನ್ನು ಅಳಿಸಿದರೆ, ಇಲ್ಲಾ ಅದನ್ನು ಕಿಲ್ ಮಾಡಿದರೆ, ಕರೆಂಟ್ ಹೋಗದೆಯೇ ನೀವೇ ಎಫ್ ಮಾಡಿಕೊಂಡ ಹಾಗೆ.

ಎಲ್ಲಾ ಮುಗಿದ ಮೇಲೆ ಡಿಪಿಕೆಜಿ --ಆಡಿಟ್ ಹೊಡೆಯಿರಿ. ಏನೂ ಬರದೆ ಪ್ರಾಂಪ್ಟ್ ವಾಪಸ್ ಬಂದರೆ ಸರಿಯಾಗಿದೆ. ಏನಾದರೂ ಬಂದು, ಯಾರನ್ನಾದರೂ ಕೇಳಬೇಕಾದರೆ, ಇಡೀ ಸ್ಕ್ರೀನಿನ ಮಸುಕು ಫೋಟೋ ಕಳಿಸಬೇಡಿ. ಐ-ಐ ಅಲ್ಲದ ಸಾಲುಗಳು, ಡಿಎಫ್ -ಎಚ್ ಕೊಟ್ಟ ಉತ್ತರ, ಮತ್ತು /ವಾರ್/ಲಾಗ್/ಆಪ್ಟ್/ಟರ್ಮ್.ಲಾಗ್‌ನ ಕೊನೇ ಐವತ್ತು ಸಾಲು ಕಳಿಸಿ. ಅಕ್ಷರ ಓದಿ ಹೇಳುವಾಗ ಯಾವುದು ಕ್ಯಾಪಿಟಲ್ ಅಂತ ಮರೆಯದೆ ಹೇಳಿ.